ಹೆಣ್ಣು ಕೇಳಿದರೆ ಕಡಸು ಕೊಟ್ಟ ಮನೆ

ನಮ್ಮ ಏಬರ್ಸ್‌ಬ್ರೊನ್ ಊರಿನಲ್ಲಿ ಕೋಟಿನ ಗುಂಡಿ ಕಳೆದುಕೊಂಡವರು, ಮಗಳ ಮದುವೆಗೆ ಹಾಸು-ಹೊದಿಕೆ ಹೊಲಿಸುವವರು, ಸತ್ತವರಿಗೆ ಹೊದಿಸಲು ಬಿಳಿ ಬಟ್ಟೆ ಬೇಕಾದವರು, ಎಲ್ಲರೂ ಹತ್ತುವುದು ಒಂದೇ ಮೆಟ್ಟಿಲು. ಅದು ಲಾಬ್‌ಹೈಮರ್ ಜವಳಿ ಅಂಗಡಿಯ ಮೆಟ್ಟಿಲು. ನಾನು ಆ ಮನೆಗೆ ಸೊಸೆಯಾಗಿ ಬಂದವಳು.

ಮಾವನವರ ತಾತ ಬೆನ್ನ ಮೇಲೆ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿ ಸೂಜಿ-ದಾರ ಮಾರಿದವರು. ಆ ಕಾಲಕ್ಕೆ ಜರ್ಮನಿಯಲ್ಲಿ ನಮ್ಮಂಥ ಯಹೂದಿಗಳಿಗೆ ಪೇಟೆಬೀದಿಯಲ್ಲಿ ಅಂಗಡಿ ಇಡಲು ಅಪ್ಪಣೆ ಇರಲಿಲ್ಲ. ಅವರ ಮಗನ ಕಾಲಕ್ಕೆ ಮನೆಯ ಕಿಟಕಿಯಲ್ಲಿ ಮಾರುವಷ್ಟಾಯಿತು. ಮಾವ ಜೇಲಿಗ್‌ಮಾನ್ ಬೀದಿಗೆ ಗಾಜಿನ ಬಾಗಿಲನ್ನೇ ಇಡಿಸಿದರು. ಬಂದವರಿಗೆಲ್ಲ ಹೇಳುತ್ತಿದ್ದರು: “ತಾತ ಗಂಟು ಹೊತ್ರು, ಅಪ್ಪ ಕಿಟಕಿ ತೆಗೆದ್ರು, ನಾನು ಗಾಜು ಹಾಕ್ಸಿದೆ. ನನ್ನ ಮಗ ಗಾಜು ಒರೆಸಿದ್ರೂ ಸಾಕು.”

ನನ್ನ ಯಜಮಾನರು ಯೂಲಿಯುಸ್ ಅದನ್ನೂ ಒರೆಸಲಿಲ್ಲ. ಅವರಿಗೆ ಮಾದರಿ ಬಟ್ಟೆಗಳ ಪೆಟ್ಟಿಗೆ ಹಿಡಿದು ಊರೂರು ಸುತ್ತುವುದೆಂದರೆ ಪ್ರಾಣ. ಮುತ್ತಾತನ ಕಾಲು ಮರಿಮಗನಿಗೆ ಬಂದಿದೆ ಎಂದು ಜನ ನಗುತ್ತಿದ್ದರು. ಹಾಗಾಗಿ ಅಂಗಡಿ ನಡೆಸುತ್ತಿದ್ದವಳು ನನ್ನ ನಾದಿನಿ ರಿಕ್ಕೆಲೆ.

ರಿಕ್ಕೆಲೆಗೆ ಆಗ ಇಪ್ಪತ್ತಾರು. ಕುಳ್ಳಗೆ, ಕೆಂಪಗೆ, ಕತ್ತಿನಲ್ಲಿ ಸರದ ಬದಲು ದಾರಕ್ಕೆ ಕಟ್ಟಿದ ಕತ್ತರಿ. ಗಿರಾಕಿ ಬಾಗಿಲಲ್ಲಿ ಕಾಲಿಡುವಾಗಲೇ ಅವರ ಸೊಂಟ ನೋಡಿ ಎಷ್ಟು ಗಜ ಬೇಕೆಂದು ಹೇಳುತ್ತಿದ್ದಳು. ಒಂದು ಸಲ ಗಿರಣಿಯವನ ಹೆಂಡತಿ ಹೊಸ ಲಂಗಕ್ಕೆಂದು ನಾಲ್ಕು ಗಜ ಕೇಳಿದಳು.

“ಐದು ತಗೊಳ್ಳಿ ಅಮ್ಮ,” ಅಂದಳು ರಿಕ್ಕೆಲೆ.

“ಹೋದ ವರ್ಷ ನಾಲ್ಕು ಸಾಕಾಯ್ತಲ್ಲೇ?”

“ಹೋದ ವರ್ಷ ನಿಮ್ಮ ಗಿರಣೀಲಿ ಹಿಟ್ಟು ಇಷ್ಟು ಚೆನ್ನಾಗಿ ಬೀಳ್ತಿರ್ಲಿಲ್ಲ.”

ಆಕೆ ಬೈದುಕೊಂಡೇ ಐದು ಗಜ ಒಯ್ದಳು, ಒಂದು ಚೂರೂ ಮಿಗಲಿಲ್ಲ.

ರಿಕ್ಕೆಲೆಗೆ ಇನ್ನೊಂದು ಅಭ್ಯಾಸವಿತ್ತು. ಮಾವನವರ ಎದುರು ಗಿರಾಕಿ ಏನು ಕೇಳಿದರೂ ಅದನ್ನೇ ಅವಳು ಹಿಂದಿನಿಂದ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು: “ಏನು, ನೀಲಿ ಹೂವಿನದು ಆರು ಗಜವಾ?” ಹೊಸಬರಿಗೆ ಇವಳೊಬ್ಬಳು ಬಾಯಿಬಡುಕಿ ಅನ್ನಿಸುತ್ತಿತ್ತು. ನನಗೂ ಮೊದಲು ಹಾಗೇ ಅನ್ನಿಸಿತ್ತು. ನಿಜ ಏನೆಂದರೆ ಮಾವನವರಿಗೆ ಕಿವಿ ಮಂದ, ಬಲಗಿವಿಗಿಂತ ಎಡಗಿವಿ ಇನ್ನೂ ಮಂದ. ಅದನ್ನು ಅವರು ಯಾರೆದುರೂ ಒಪ್ಪುತ್ತಿರಲಿಲ್ಲ. ಕೇಳದಿದ್ದರೆ ತಲೆಯಾಡಿಸಿ “ಹೌದೌದು, ಹಾಗೇ ಆಗ್ಲಿ” ಎನ್ನುತ್ತಿದ್ದರು. ರಿಕ್ಕೆಲೆ ಪಕ್ಕದಲ್ಲಿಲ್ಲದ ಒಂದು ದಿನ ಮೇಷ್ಟ್ರ ಹೆಂಡತಿ ಬಂದು, ಅತ್ತೆ ತೀರಿಕೊಂಡರು, ಕಪ್ಪು ಬಟ್ಟೆ ಬೇಕು ಎಂದಳು. ಮಾವನವರು ಮುಖ ಅರಳಿಸಿ, “ಬಹಳ ಸಂತೋಷ, ವರ್ಷಾ ವರ್ಷಾ ಹೀಗೇ ಆಗ್ತಿರ್ಲಿ” ಎಂದು ಹರಸಿದರು. ಆಕೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಂದಿನಿಂದ ರಿಕ್ಕೆಲೆ ಅಪ್ಪನ ಬೆನ್ನು ಬಿಟ್ಟು ಕದಲಲಿಲ್ಲ. ಅಪ್ಪನಿಗೆ ಕೇಳುವುದಿಲ್ಲವೆಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ಅಪ್ಪನಿಗೆ ಗೊತ್ತಿಲ್ಲ ಎಂದು ಅವಳು ನಂಬಿದ್ದಳು.

ಆ ವಸಂತದಲ್ಲಿ, ಪಾಸ್ಕ ಹಬ್ಬ ಮುಗಿದ ಮೇಲಿನ ಒಂದು ಗುರುವಾರ, ಸಂತೆ ದಿನ, ಡೋರ್ನ್‌ಬಾಖ್ ಹಳ್ಳಿಯ ದನದ ವ್ಯಾಪಾರಿ ಹಾಯುಮ್ ನಮ್ಮಲ್ಲಿಗೆ ಬಂದ. ಮಾವನವರಿಗೂ ಅವನಿಗೂ ಚಡ್ಡಿ ಕಾಲದ ಸ್ನೇಹ. ರಿಕ್ಕೆಲೆ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಸಿಕ್ಕಿಬಿದ್ದಿದ್ದಳು. ಮುದುಕರಿಬ್ಬರೇ ಹಿಂದಿನ ಕೋಣೆಯಲ್ಲಿ ಕೂತರು. ಅಲ್ಲಿ ನಡೆದ ಮಾತನ್ನು ಆಮೇಲೆ ಇಬ್ಬರೂ ಜಗಳದಲ್ಲಿ ಎಷ್ಟು ಸಲ ಒಪ್ಪಿಸಿದರೆಂದರೆ ನಮ್ಮ ಬೀದಿಯ ಮಕ್ಕಳಿಗೂ ಅದು ಬಾಯಿಪಾಠವಾಯಿತು.

“ನಿನ್ನ ಕಲ್ಲೆ ವಿಚಾರಕ್ಕೆ ಬಂದೆ ಕಣೋ ಜೇಲಿಗ್‌ಮಾನ್,” ಎಂದ ಹಾಯುಮ್.

ದನದ ಸಂತೆಯಲ್ಲಿ ನಮ್ಮವರು ಹೀಬ್ರೂ ಬೆರೆಸಿ ಆಡುವ ಒಂದು ಕಸುಬಿನ ಮಾತಿದೆ. ಅದರಲ್ಲಿ ‘ಕಲ್ಲೆ’ ಎಂದರೆ ಮದುವಣಗಿತ್ತಿ. ರೈತರ ಜರ್ಮನ್ ಮಾತಿನಲ್ಲಿ ‘ಕಲ್ಬೆ’ ಎಂದರೆ ಕಡಸು. ನಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ ಆಗ ಮಾರಲಿಕ್ಕಿದ್ದ ಕಡಸೊಂದಿತ್ತು. ಮಾವನವರ ಕಿವಿಗೆ ಯಾವುದು ಬಿತ್ತೆಂದು ಬೇರೆ ಹೇಳಬೇಕೆ?

“ಅಂತೂ ಬಂದ್ಯಲ್ಲ! ಇನ್ನೊಂದು ಚಳಿಗಾಲ ಮನೇಲಿಟ್ಕೊಂಡು ಮೇಯ್ಸೋಕೆ ನನ್ನ ಕೈಲಾಗಲ್ಲ,” ಎಂದರು ಮಾವ. ಅವರು ದನವನ್ನೂ ‘ಅವಳು’ ಎಂದೇ ಕರೆಯುವವರು.

“ಸ್ವಭಾವ ಹೇಗೆ?”

“ಬೆಳಿಗ್ಗೆ ಸ್ವಲ್ಪ ಮೊಂಡು. ಒಮ್ಮೊಮ್ಮೆ ಒದೀತಾಳೆ. ಕಿವಿ ಹಿಂದೆ ತುರಿಸಿದ್ರೆ ಸರಿಹೋಗ್ತಾಳೆ.”

ಹಾಯುಮ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗೆಳೆಯ ತನ್ನ ಕಸುಬಿನ ಮಾತಿನಲ್ಲೇ ತಮಾಷೆ ಮಾಡುತ್ತಿದ್ದಾನೆಂದು ಅವನ ಎಣಿಕೆ. “ನಮ್ಮ ಯೋನಾಸ್ ಒಂದ್ಸಲ ನೋಡ್ಬೇಕಲ್ಲ?”

ಯೋನಾಸ್ ಅವನ ಮಗ. ದನ ಕೊಳ್ಳುವಾಗಲೂ ಮಗನನ್ನು ಕರೆದುಕೊಂಡೇ ಬರುತ್ತಿದ್ದ.

“ಭಾನುವಾರ ಬರ್ಲಿ. ತೊಳೆದು ಬಾಗಿಲಲ್ಲೇ ನಿಲ್ಲಿಸಿರ್ತೀನಿ.”

“ಕೊಡೋದು ತಗೊಳ್ಳೋದು?”

“ನಮ್ಮಿಬ್ಬರಲ್ಲಿ ಅದೇನು ಮಾತು! ನಿನಗೆ ನ್ಯಾಯ ಕಂಡಷ್ಟು.”

ಇವರು ಕಡಸಿನ ಬೆಲೆ ಅವನು ಕೊಡುತ್ತಾನೆಂದುಕೊಂಡರು. ಅವನು ವರದಕ್ಷಿಣೆ ಇವರು ಕೊಡುತ್ತಾರೆಂದುಕೊಂಡ. ಇಬ್ಬರಿಗೂ ಇನ್ನೊಬ್ಬನ ದೊಡ್ಡ ಮನಸ್ಸು ಕಂಡು ಕಣ್ಣು ತುಂಬಿತು. ನಾನು ಕಾಫಿ ಹಿಡಿದು ಒಳಗೆ ಹೋದದ್ದು ಸರಿಯಾಗಿ ಆಗ. ಅಂಗೈಗೆ ಅಂಗೈ ಪಟ್ಟೆಂದು ಹೊಡೆದ ಸದ್ದು, ಅದರ ಹಿಂದೆಯೇ ಇಬ್ಬರೂ ಒಟ್ಟಿಗೆ, “ಮಾಸೆಲ್ ಉನ್ ಬ್ರೋಖೆ!”

ಅದೃಷ್ಟವೂ ಆಶೀರ್ವಾದವೂ ಬರಲಿ ಎಂದು ಅದರ ಅರ್ಥ. ಕೈ ತಟ್ಟಿ ಆ ಮಾತಾಡಿದರೆ ವ್ಯಾಪಾರ ಮುಗಿಯಿತು. ನಮ್ಮವರಿಗಷ್ಟೇ ಅಲ್ಲ, ಕ್ರೈಸ್ತ ರೈತರಿಗೂ ಅದೇ ಕಟ್ಟು. ಕಾಗದ ಬೇಡ, ಸಹಿ ಬೇಡ. ತಟ್ಟಿದ ಕೈ ಹಿಂದಕ್ಕೆ ತೆಗೆದವನ ಹತ್ತಿರ ಆಮೇಲೆ ಯಾರೂ ಒಂದು ಕೋಳಿಯನ್ನೂ ಕೊಳ್ಳುವುದಿಲ್ಲ. ಲಾಬ್‌ಹೈಮರ್ ಕೈ ಮೂರು ತಲೆಮಾರಿನಲ್ಲಿ ಹಿಂದೆ ಬಂದದ್ದಿಲ್ಲ.

ಭಾನುವಾರ ಚರ್ಚು ಬಿಟ್ಟ ಮೇಲೆ ಹಳ್ಳಿಯ ಹೆಂಗಸರೆಲ್ಲ ನಮ್ಮ ಅಂಗಡಿಗೇ ಬರುವುದು. ಅಂಗಡಿ ತುಂಬಿತ್ತು. ಕಡಸನ್ನು ತೊಳೆದು, ಉಜ್ಜಿ, ಮುಂಬಾಗಿಲ ಕಂಬಕ್ಕೆ ಕಟ್ಟಿದ್ದೆವು. ಒಳ್ಳೆಯ ಬೆಲೆ ಬರಲಿ ಎಂದು ರಿಕ್ಕೆಲೆಯೇ ಅದರ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದ್ದಳು. ಅಷ್ಟರಲ್ಲಿ ಬಾಡಿಗೆ ಸಾರೋಟು ಬಂದು ನಿಂತಿತು. ಹಾಯುಮ್ ಎತ್ತರದ ಟೋಪಿಯಲ್ಲಿ ಇಳಿದ. ಅವನ ಹೆಂಡತಿ ಕಪ್ಪು ರೇಷ್ಮೆಯಲ್ಲಿ, ಕೈಯಲ್ಲಿ ಕೇಕಿನ ಬುಟ್ಟಿ ಹಿಡಿದು ಇಳಿದಳು. ಕೊನೆಗೆ ಯೋನಾಸ್, ಬಿಗಿಯಾದ ಕಾಲರಿನೊಳಗೆ ಕತ್ತು ತಿರುಗಿಸಲಾರದೆ ಇಳಿದ.

ಮಾವನವರು ಬೆರಗಾದರು. “ಒಂದು ಕಡಸಿಗೆ ಸಾರೋಟು ಯಾಕೋ ಹಾಯುಮ್? ಇವಳು ನಡ್ಕೊಂಡೇ ಬರ್ತಾಳೆ!”

ಹಾಯುಮ್‌ನ ಹೆಂಡತಿ ಕಡಸನ್ನು ನೋಡಿದಳು. ರಿಬ್ಬನ್ ನೋಡಿದಳು. ಗಂಡನನ್ನು ನೋಡಿದಳು. “ಏನ್ರೀ ಇದು? ಹೆಣ್ಣು ನೋಡೋಕೆ ಅಂತ ಕರ್ಕೊಂಡು ಬಂದ್ರಲ್ಲ, ಇದೇನಾ ಹೆಣ್ಣು?”

ಅಂಗಡಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಗಿರಣಿಯವನ ಹೆಂಡತಿ ನಕ್ಕ ರಭಸಕ್ಕೆ ಅವಳ ಐದು ಗಜದ ಲಂಗದ ಹುಕ್ಕು ಕಿತ್ತುಬಂತು.

ನಗು ಆರಿದ ಮೇಲೆ ಜಗಳ ಹತ್ತಿಕೊಂಡಿತು. “ನಾನು ಕಲ್ಲೆ ಅಂದೆ,” ಎಂದ ಹಾಯುಮ್. “ನೀನು ಕಲ್ಬೆ ಅಂದೆ, ನನ್ನ ಕಿವೀಲಿ ಕೇಳಿದೀನಿ,” ಎಂದರು ಮಾವ. “ಹಾಗಾದ್ರೆ ನಿನ್ನ ಕಿವಿ ಕೆಟ್ಟಿದೆ!” “ನನ್ನ ಕಿವಿಗೇನೂ ಆಗಿಲ್ಲ, ನಿನ್ನ ನಾಲಿಗೆ ಹೊರಳಲ್ಲ!” ಹಾಯುಮ್ ಟೋಪಿ ತೆಗೆದು ಬೀದಿಗೆಲ್ಲ ಕೇಳುವಂತೆ ಹೇಳಿದ: “ಕೈ ತಟ್ಟಿದೀಯ ಜೇಲಿಗ್‌ಮಾನ್. ನಾನು ತಟ್ಟಿದ್ದು ಹೆಣ್ಣಿಗೆ. ಇನ್ನು ನಿನ್ನಿಷ್ಟ.”

ರಿಕ್ಕೆಲೆ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು: ನಮ್ಮಪ್ಪನಿಗೆ ಕಿವಿ ಕೇಳೋಲ್ಲ, ತಪ್ಪಾಯ್ತು, ಹೋಗಿ. ಆದರೆ ಆ ಮಾತನ್ನು ಊರೆದುರು ಹೇಳುವ ಬದಲು ಅವಳು ನಾಲಿಗೆಯನ್ನೇ ಕತ್ತರಿಸಿಕೊಂಡಾಳು. ಹೇಳದಿದ್ದರೆ ಒಂದೋ ಅಪ್ಪನ ಕೈ ಸುಳ್ಳಾಗಬೇಕು, ಇಲ್ಲವೇ ಇವಳು ಅಂಗಡಿ ಬಿಟ್ಟು, ಅಪ್ಪನನ್ನೂ ಬಿಟ್ಟು, ಡೋರ್ನ್‌ಬಾಖ್‌ಗೆ ಹೋಗಿ ದನದ ಮನೆಯ ಸೊಸೆಯಾಗಬೇಕು.

ಹಾಯುಮ್ ಸಾಮಾನ್ಯದವನಲ್ಲ. ಮುಂದಿನ ಶುಕ್ರವಾರವೇ ಮಗನನ್ನು ಕಟ್ಟಿಕೊಂಡು ನಮ್ಮೂರಿನ ತಂಗಿಯ ಮನೆಗೆ ಬಂದು ಉಳಿದ. ಶನಿವಾರ ನಮಗೆ ಶಬ್ಬೆಸ್, ವಿಶ್ರಾಂತಿಯ ದಿನ. ಅಂದು ವ್ಯಾಪಾರದ ಮಾತು ಆಡಬಾರದು. ಹೆಣ್ಣು-ಗಂಡಿನ ಮಾತು ಮಾತ್ರ ಆಡಬಹುದು, ಅದು ಪುಣ್ಯದ ಕೆಲಸ. ಮಧ್ಯಾಹ್ನದ ಊಟ ಮುಗಿದದ್ದೇ ತಡ, ಅಪ್ಪ-ಮಗ ಬಂದು ನಮ್ಮ ಮೇಜಿಗೆ ಕೂತರು.

“ನಮ್ಮ ಮದುವೆ ಮಾತು ಮುಂದುವರಿಸೋಣ್ವಾ?” ಎಂದ ಹಾಯುಮ್, ಮುಖದಲ್ಲಿ ಕುರಿಮರಿಯ ಸಾಧುತನ.

“ನೋಡು, ನಾನು ಕೊಟ್ಟಿದ್ದು ಕಡ...” ಎಂದು ಮಾವ ಬಾಯಿ ತೆರೆದರು.

“ಷ್! ಶಬ್ಬೆಸ್ ದಿನ ದನದ ವ್ಯಾಪಾರವಾ? ಜೇಲಿಗ್‌ಮಾನ್, ನಿನ್ನ ವಯಸ್ಸೇನು, ಮಾತೇನು!”

ಮಾವನವರು ಬಾಯಿ ಮುಚ್ಚಿದರು. ಅವರ ಕಡೆಯ ನ್ಯಾಯವೆಲ್ಲ ಕೊಟ್ಟಿಗೆಯಲ್ಲಿತ್ತು. ಕೊಟ್ಟಿಗೆಯ ಹೆಸರೆತ್ತುವ ಹಾಗಿರಲಿಲ್ಲ. ಹಾಯುಮ್ ಅರ್ಧ ಗಂಟೆ ತನ್ನ ಮನೆತನ ಹೊಗಳಿದ. ಮಾವ ಮುಖ ಕೆಂಪಗೆ ಮಾಡಿಕೊಂಡು ಬ್ರೆಡ್ಡಿನ ಚೂರು ಮುರಿಯುತ್ತ ಕೂತರು.

ಆಗ ರಿಕ್ಕೆಲೆ ಕುರ್ಚಿ ಎಳೆದುಕೊಂಡು ಎದುರು ಕೂತಳು. “ಆಯ್ತು ಹಾಯುಮ್ ಮಾಮ, ಮದುವೆ ಮಾತೇ ಆಡೋಣ. ಗಂಡಿನ ಸ್ವಭಾವ ಹೇಗೆ?”

“ಬಂಗಾರ ಕಣಮ್ಮ.”

“ಬೆಳಿಗ್ಗೆ ಹೊತ್ತು ಮೊಂಡೋ?”

ಹಾಯುಮ್ ಕೆಮ್ಮಿದ.

“ಒದೀತಾರಾ? ಕಿವಿ ಹಿಂದೆ ತುರಿಸಿದ್ರೆ ಸರಿಹೋಗ್ತಾರಾ?”

ಯೋನಾಸ್ ಅಲ್ಲಿಯವರೆಗೂ ಕಾಲರಿನೊಳಗೆ ಮುಖ ಹೂತುಕೊಂಡು ಕೂತಿದ್ದ. ಈಗ ಮೆಲ್ಲಗೆ ತಲೆಯೆತ್ತಿ ಹೇಳಿದ: “ಒದೆಯಲ್ಲ. ಹಲ್ಲು ಗಟ್ಟಿಯಾಗಿದೆ. ಮಳೆ ಬಂದ್ರೆ ಬಲಗಾಲು ಸ್ವಲ್ಪ ಹಿಡ್ಕೊಳ್ಳತ್ತೆ. ದೋಷ ಮುಚ್ಚಿ ಮಾರಬಾರ್ದಲ್ಲ, ಅದಕ್ಕೆ ಹೇಳಿದೆ.”

ರಿಕ್ಕೆಲೆ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ನಗು ತಡೆಯಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡದ್ದು ನನಗೆ ಕಂಡಿತು.

ಯೋನಾಸ್ ಮಾವನವರ ಕಡೆ ತಿರುಗಿ ಅದೇ ಮೆಲುದನಿಯಲ್ಲಿ, “ನಿಮಗೆ ನಾವು ತೊಂದ್ರೆ ಕೊಟ್ವಿ ಯಜಮಾನ್ರೇ, ಕ್ಷಮಿಸ್ಬೇಕು,” ಎಂದ.

“ಹೌದೌದು, ಹಾಗೇ ಆಗ್ಲಿ, ಇನ್ನೂ ಕೊಡಿ,” ಎಂದರು ಮಾವ ಧಾರಾಳವಾಗಿ.

ರಿಕ್ಕೆಲೆ ಥಟ್ಟನೆ, “ಕ್ಷಮೆ ಯಾಕೆ ಕೇಳ್ತೀರಿ, ತೊಂದ್ರೆ ಏನೂ ಇಲ್ಲ!” ಎಂದು ಗಟ್ಟಿಯಾಗಿ ಕೂಗಿ ಅಪ್ಪನ ತಪ್ಪು ಮುಚ್ಚಿದಳು. ಹಾಯುಮ್‌ಗೆ ಏನೂ ಹೊಳೆಯಲಿಲ್ಲ. ಯೋನಾಸ್ ಮಾತ್ರ ಮಾವನವರನ್ನು ನೋಡಿದ, ಅವರ ಮಗಳನ್ನು ನೋಡಿದ. ಅಲ್ಲಿಂದ ಮುಂದೆ ಅವನು ಮಾವನವರ ಜೊತೆ ಆಡಿದ ಮಾತೆಲ್ಲ ಒಂದು ಸುತ್ತು ಗಟ್ಟಿಯಾಗಿತ್ತು. ಅದು ಕೂಗಿದಂತೆ ಕಾಣದ ಹಾಗೆ ಅವನು ಕುರ್ಚಿಯನ್ನೂ ಅವರ ಬಲಗಡೆಗೆ ಸರಿಸಿಕೊಂಡಿದ್ದ. ರಿಕ್ಕೆಲೆಗೆ ಅದು ತಿಳಿಯಿತೆಂದು ಅವನಿಗೂ ತಿಳಿಯಿತು.

ಎದ್ದು ಹೋಗುವಾಗ ಹಾಯುಮ್, “ಗುರುವಾರ ಸಂತೇಲಿ ಉತ್ತರ ಕೊಡಿ. ಸೊಸೆ ನಮ್ಮನೆಗೆ ಬರ್ಬೇಕು, ಅಂಗಡಿ ಗಿಂಗಡಿ ಇಲ್ಲ,” ಎಂದು ಹೇಳಿಯೇ ಹೋದ.

ಬುಧವಾರ ಸಂಜೆ ಅಡುಗೆಮನೆಯಲ್ಲಿ ರಿಕ್ಕೆಲೆ ಕತ್ತಿನಿಂದ ಕತ್ತರಿ ತೆಗೆದು ನನ್ನ ಕೈಯಲ್ಲಿಟ್ಟಳು.

“ಅತ್ತಿಗೆ, ನಾನು ಹೋಗ್ತೀನಿ ಡೋರ್ನ್‌ಬಾಖ್‌ಗೆ. ಅಪ್ಪನ ಕೈ ಸುಳ್ಳಾಗೋದು ಬೇಡ.”

“ಆ ಹುಡುಗ ನಿನಗೆ ಇಷ್ಟಾನಾ?”

“ಇಷ್ಟ ಆದ್ರೂ ಹೀಗಲ್ಲ ಅತ್ತಿಗೆ. ಹಗ್ಗ ಕಟ್ಟಿ ಹೊಡ್ಕೊಂಡು ಹೋದ ಹಾಗೆ.” ಕಣ್ಣೊರೆಸಿಕೊಂಡು, “ಗಿರಾಕಿ ಹೇಳಿದ್ದನ್ನ ಹಿಂದಿನಿಂದ ಗಟ್ಟಿಯಾಗಿ ಹೇಳಿ. ಬಲಗಡೆ ನಿಂತ್ಕೊಳ್ಳಿ. ಅವರಿಗೆ ಗೊತ್ತಾಗ್ಬಾರ್ದು,” ಎಂದಳು.

ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ. ಒಂದು ಮಾತೂ ಅವರ ಕಿವಿಗೆ ಬಿದ್ದಿರಲಾರದು. ಅವರು ನೋಡುತ್ತಿದ್ದದ್ದು ನನ್ನ ಕೈಯಲ್ಲಿದ್ದ ಕತ್ತರಿಯನ್ನು. ನೀರು ಕೇಳಲು ಬಂದವರು ನೀರು ಕೇಳದೆ ಹೋದರು.

ಮರುದಿನ ಅವರು ಹಬ್ಬದ ಕೋಟು ಹಾಕಿಕೊಂಡು ಒಬ್ಬರೇ ದನದ ಸಂತೆಗೆ ಹೊರಟರು. ನಾವಿಬ್ಬರೂ ಅಂಗಡಿಗೆ ಬೀಗ ಹಾಕಿ ಹಿಂದೆ ಓಡಿದೆವು. ಸಂತೆಯ ನಡುವೆ, ಕಾರಂಜಿಯ ಕಟ್ಟೆಯ ಹತ್ತಿರ, ಹಾಯುಮ್ ರೈತರ ನಡುವೆ ನಿಂತಿದ್ದ. ಮಾವ ಅವನೆದುರು ನಿಂತು ಕೈ ಚಾಚಿದರು.

“ಹಾಯುಮ್, ನಾನು ತಟ್ಟಿದ ಕೈ ವಾಪಸ್ ತಗೋತಾ ಇದೀನಿ. ಎಲ್ಲರೂ ಕೇಳಿ. ನನ್ನ ಗೆಳೆಯನ ನಾಲಿಗೇಲಿ ತಪ್ಪಿಲ್ಲ. ನನಗೆ ಕಿವಿ ಕೇಳಲ್ಲ. ಎಷ್ಟೋ ವರ್ಷದಿಂದ ಕೇಳಲ್ಲ. ಇಷ್ಟು ದಿನ ನಾಟಕ ಆಡ್ದೆ. ನನ್ನ ಮಗಳು ನನಗಿಂತ ಚೆನ್ನಾಗಿ ಆಡಿದ್ಲು.”

ಎಲ್ಲೋ ಒಂದು ಎತ್ತು ಕೂಗಿತು. ರಿಕ್ಕೆಲೆ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಒಂದು ವಾರ ಅಲ್ಲಿ ನೀಲಿಗಟ್ಟಿತ್ತು.

ರೈತನೊಬ್ಬ ಬಾಯಿಯಿಂದ ಚುಟ್ಟಾ ತೆಗೆದು, “ಅದೇನ್ ಹೊಸಾ ಸುದ್ದಿ ಯಜಮಾನ್ರೇ? ನಮ್ಮೂರ ಬಾತುಕೋಳಿಗೂ ಗೊತ್ತು,” ಎಂದ.

ಮಾವನವರು ತಲೆಯಾಡಿಸಲಿಲ್ಲ. ಹೌದೌದು ಎನ್ನಲಿಲ್ಲ. ಕಿವಿಯ ಹಿಂದೆ ಅಂಗೈ ಒಡ್ಡಿ, “ಏನಂದೆ?” ಎಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ರೈತ ಕೂಗಿ ಹೇಳಿದ. ಮೊದಲು ಮಾವ ನಕ್ಕರು, ಆಮೇಲೆ ಸಂತೆಯೆಲ್ಲ ನಕ್ಕಿತು. ಹಾಯುಮ್ ಅವರ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ. “ಮೊದಲೇ ಹೇಳ್ಬಾರ್ದಿತ್ತಾ ಮಹರಾಯ? ಕಿವೀಲೇ ಕೂಗ್ತಿದ್ದೆನಲ್ಲೋ! ಹೋಗ್ಲಿ, ಕೈ ಬಿಟ್ಟೆ. ಆ ಕಡಸನ್ನಾದ್ರೂ ಕೊಡ್ತೀಯೋ?” ಕಡಸು ಅಂದೇ ಡೋರ್ನ್‌ಬಾಖ್‌ಗೆ ಹೋಯಿತು, ರಿಬ್ಬನ್ ಸಮೇತ. ಜನ ಮರುದಿನವೂ ನಮ್ಮ ಅಂಗಡಿಗೆ ಬಂದರು, ಎಂದಿಗಿಂತ ಹೆಚ್ಚೇ ಬಂದರು. ಗಿರಾಕಿಗಳೆಲ್ಲ ಈಗ ಮಾವನವರ ಬಲಗಡೆಗೇ ಬಂದು ಕೂಗುತ್ತಿದ್ದರು. ರಿಕ್ಕೆಲೆ ಮೊದಲ ಸಲ ಸಾವಕಾಶವಾಗಿ ಕೂತು ಕಾಫಿ ಕುಡಿದಳು.

ಅದರ ಮುಂದಿನ ವಾರ ಯೋನಾಸ್ ಒಬ್ಬನೇ ಬಂದ. ಕಾಲರಿಲ್ಲ, ದಿನದ ಅಂಗಿ. ಗಿರಣಿಯವನ ಹೆಂಡತಿಗೆ ರಿಕ್ಕೆಲೆ ಲೇಸು ಅಳೆಯುತ್ತಿದ್ದಳು.

“ಏನ್ ಬೇಕಿತ್ತು?” ಎಂದಳು, ಗಜಕೋಲಿನಿಂದ ಕಣ್ಣೆತ್ತದೆ.

“ಗುಂಡಿ.”

“ಎಂಥದ್ದು?”

“ಗೊತ್ತಿಲ್ಲ. ಇಲ್ಲೀವರೆಗೂ ಬರೋಕೆ ಒಂದು ನೆಪ ಬೇಕಿತ್ತು. ಈಗ ಯಾರ ಕೈಯೂ ಯಾರಿಗೂ ಕಟ್ಟಿಲ್ಲ. ಅದಕ್ಕೇ ಕೇಳೋಕೆ ಬಂದೆ.”

“ನಾನು ಈ ಅಂಗಡಿ ಬಿಟ್ಟು ಎಲ್ಲಿಗೂ ಬರಲ್ಲ.”

“ನಾನು ಬರ್ತೀನಿ. ತಮ್ಮ ಇದಾನೆ, ಅಪ್ಪನ ಜೊತೆ ದನ ನೋಡ್ಕೋತಾನೆ. ಅಪ್ಪ ಎರಡು ದಿನ ಊಟ ಬಿಟ್ರು, ಮೂರನೇ ದಿನ ತಿಂದ್ರು. ನನಗೆ ಬಟ್ಟೆ ಗೊತ್ತಿಲ್ಲ, ಕಲೀತೀನಿ.”

ರಿಕ್ಕೆಲೆ ಗಜಕೋಲು ಕೆಳಗಿಟ್ಟಳು. “ಬರೋದಾದ್ರೆ ಅಪ್ಪನ್ನ ಕೇಳಿ. ಈ ಸಲ ಸರಿಯಾಗಿ ಕೇಳಿ.”

ಯೋನಾಸ್ ಮಾವನವರ ಬಲಗಡೆಗೆ ಹೋಗಿ ನಿಂತ. “ಯಜಮಾನ್ರೇ, ನಿಮ್ಮ ಮಗಳನ್ನ ನನಗೆ ಮದುವೆ ಮಾಡ್ಕೊಡ್ತೀರಾ?”

“ಏನಂದೆ?” ಎಂದರು ಮಾವ, ಅಂಗೈ ಕಿವಿಗೆ.

ಅವನು ದನಿಯೇರಿಸಿದ. “ನಿಮ್ಮ ಮಗಳು! ರಿಕ್ಕೆಲೆ! ನನಗೆ ಕೊಡ್ತೀರಾ?”

“ಕೇಳಿಸ್ಲಿಲ್ಲ.”

ಯೋನಾಸ್ ಉಸಿರೆಳೆದು, ಹೊಳೆಯಾಚೆಯ ದನಗಳನ್ನು ಕರೆದು ರೂಢಿಯಾದ ಗಂಟಲಲ್ಲಿ ಕೂಗಿದ. ಗಾಜಿನ ಬಾಗಿಲು ಗಡಗಡ ಅಂದಿತು. ಎದುರು ಮನೆಯ ಬೇಕರಿಯವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು, ಮೇಷ್ಟ್ರು ಕಿಟಕಿ ತೆರೆದರು. ಬೇಕರಿಯವಳಂತೂ ಅಲ್ಲಿಂದಲೇ, “ಕೊಟ್ಬಿಡಿ ಯಜಮಾನ್ರೇ, ಪಾಪ, ಗಂಟಲು ಹರ್ಕೋತಾನೆ!” ಎಂದು ಕೂಗಿದಳು.

ಮಾವನವರ ಮೀಸೆಯ ಕೆಳಗೆ ಏನೋ ಕದಲಿತು. ಮೊದಲನೆಯ ಸಲವೇ ಕೇಳಿಸಿತ್ತೆಂದು ಆಗ ನನಗೆ ಗೊತ್ತಾಯಿತು.

“ಇಡೀ ಬೀದಿಗೆ ಕೇಳಿಸ್ತಲ್ಲ, ಸಾಕು,” ಎಂದು ಅವರು ಮಗಳ ಕಡೆ ತಿರುಗಿದರು. “ಇನ್ನು ನನ್ನ ಕೈ ಬೇಡಮ್ಮ. ನಿನ್ನದು ನೀನೇ ಕೊಡು, ಬೇಕಿದ್ರೆ.”

ಹೆಂಗಸರು ಕೈ ತಟ್ಟಿ ವ್ಯಾಪಾರ ಮಾಡುವುದು ನಮ್ಮಲ್ಲಿ ಯಾರೂ ಕಂಡದ್ದಲ್ಲ. ರಿಕ್ಕೆಲೆ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಯೋನಾಸ್‌ನ ಕೈಗೆ ಹೊಡೆದ ಏಟಿಗೆ ಅವನು “ಅಬ್ಬಾ!” ಎಂದ. ಗಿರಣಿಯವನ ಹೆಂಡತಿ ಮಾತ್ರ ತನ್ನ ಲೇಸಿನ ತುದಿ ಬಿಡದೆ ಹಿಡಿದುಕೊಂಡು ನಿಂತಿದ್ದಳು. “ಎಲ್ಲಾ ಸರಿ ಕಣೇ,” ಅಂದಳು, “ನನ್ನದು ಎಷ್ಟು ಗಜ ಅಂತ ಅಳೆದಿದ್ದೆ?”